ಮಾತ್ರೆ ಕೈಗೆ ತೆಗೆದುಕೊಳ್ಳುತ್ತಾರೆ, ನುಂಗುವುದಿಲ್ಲ

ಇವರನ್ನು ರಾಜಣ್ಣ ಅನ್ನೋಣ. ಹೆಸರು, ಊರು, ಕಸುಬು ಎಲ್ಲವನ್ನೂ ಬದಲಿಸಿದ್ದೇನೆ. ವಯಸ್ಸು ಅರವತ್ತು ದಾಟಿದೆ. ಟೈಲರ್ ಅಂಗಡಿ ಇತ್ತು, ಹಾರ್ಟ್ ಫೇಲ್ಯೂರ್ (ಹೃದಯ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದ ಸ್ಥಿತಿ) ಅಂತ ಗೊತ್ತಾದ ಮೇಲೆ ಮಗನಿಗೆ ಬಿಟ್ಟುಕೊಟ್ಟರು. ಹೃದಯದ ಪಂಪಿಂಗ್ 30% ಇದೆ, ಇರಬೇಕಾದದ್ದಕ್ಕಿಂತ ತುಂಬಾ ಕಡಿಮೆ. ಔಷಧಿ ಸರಿಯಾಗಿಯೇ ಬರೆದಿದ್ದರೂ ಮತ್ತೆ ಮತ್ತೆ ಕಾಲು ಊದಿ, ಉಸಿರು ಕಟ್ಟಿ ಅಡ್ಮಿಟ್ ಆಗುತ್ತಿದ್ದರು. ಅದಕ್ಕೇ ಹೃದಯದ ಡಾಕ್ಟರು ಮನಸ್ಸಿನ ಕಡೆಯಿಂದ ನೋಡಲು ನನ್ನ ಹತ್ತಿರ ಕಳಿಸಿದರು.

"ಮಾತ್ರೆ ನಾನೇ ಕೈಗೆ ಕೊಡ್ತೀನಿ ಮೇಡಂ, ಒಂದು ದಿನಾನೂ ತಪ್ಪಿಸಿಲ್ಲ" ಅಂದರು ಹೆಂಡತಿ. ಅವರನ್ನು ಹೊರಗೆ ಕೂರಿಸಿ ಮಾತಾಡಿದಾಗ ರಾಜಣ್ಣ ನಿಧಾನಕ್ಕೆ ಹೇಳಿದರು: "ತಗೋತೀನಿ, ನುಂಗಲ್ಲ. ನುಂಗಿ ಇನ್ನೇನು ಮಾಡೋದಿದೆ?"

ಇದನ್ನು ವಯಸ್ಸಾದವರ ಬೇಸರ ಅಂತ ಬಿಟ್ಟುಬಿಡುವುದು ಅಪಾಯ. ಹಾರ್ಟ್ ಫೇಲ್ಯೂರ್ ಇರುವ ಐದು ಜನರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಇರುತ್ತದೆ, ಇದ್ದವರಲ್ಲಿ ಸಾವಿನ ಅಪಾಯ ಹೆಚ್ಚುಕಡಿಮೆ ಎರಡರಷ್ಟು ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆ ತೋರಿಸಿತು. ಒತ್ತಡದ ಹಾರ್ಮೋನುಗಳಿಗೂ ಇದರಲ್ಲಿ ಪಾಲಿರಬಹುದು. ಆದರೆ ನಮ್ಮ ಕಣ್ಣಿಗೆ ಕಾಣುವ ದಾರಿ ಸರಳ: ಮನಸ್ಸಿಲ್ಲದವರು ಮಾತ್ರೆ ಬಿಡುತ್ತಾರೆ, ಉಪ್ಪು ಜಾಸ್ತಿ ಇರುವ ಹಪ್ಪಳ ಉಪ್ಪಿನಕಾಯಿ ಬಿಡುವುದಿಲ್ಲ, ತೂಕ ನೋಡಿಕೊಳ್ಳುವುದಿಲ್ಲ, ಕಾಲು ಊದಿದರೂ ಯಾರಿಗೂ ಹೇಳುವುದಿಲ್ಲ.

ಗುರುತಿಸುವುದೇ ಕಷ್ಟ. ಸುಸ್ತು, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಎರಡೂ ಕಾಯಿಲೆಯಲ್ಲಿ ಇರುತ್ತವೆ ಅಲ್ವಾ. ಪಿಎಚ್‌ಕ್ಯೂ-9 ಅಂತ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳಿವೆ, ಅವನ್ನು ಕೇಳಿದೆ. ಆದರೆ ನಾನು ಜಾಸ್ತಿ ಗಮನ ಕೊಟ್ಟಿದ್ದು ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, "ಮನೆಗೆ ಭಾರ ಆಗಿದ್ದೀನಿ" ಅನ್ನುವ ಭಾವನೆ, ಇವುಗಳಿಗೆ. ಮೊಮ್ಮಗಳ ಲಂಗ ಹೊಲಿಯಲು ಬಟ್ಟೆ ತಂದಿಟ್ಟು ತಿಂಗಳುಗಳಾಗಿದ್ದವು, ಮುಟ್ಟಿರಲಿಲ್ಲ. ಸಾಯಬೇಕು ಅನ್ನಿಸುತ್ತದಾ ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆ ಹುಟ್ಟಿಬಿಡುವುದಿಲ್ಲ. ಬೆಳಗ್ಗೆ ಎಚ್ಚರ ಆಗದಿದ್ದರೆ ಚೆನ್ನ ಅನ್ನಿಸುತ್ತದೆ, ಆದರೆ ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ ಅಂದರು. ಅದು ಬದಲಾದರೆ ಆ ಕ್ಷಣವೇ ಹೆಂಡತಿಗೆ ಹೇಳಬೇಕು, ರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೇಕು ಅಂತ ಒಪ್ಪಿಸಿದೆ. ಮಾತ್ರೆ ವಿಷಯವನ್ನು ಹೆಂಡತಿಗೆ ತಿಳಿಸಲು ಅವರ ಒಪ್ಪಿಗೆ ಕೇಳಿದೆ, ಕೊಟ್ಟರು.

ಮಗ ಕೇಳಿದ, "ಖಿನ್ನತೆಗೆ ಮಾತ್ರೆ ಕೊಟ್ಟರೆ ಹೃದಯಾನೂ ಸರಿಹೋಗುತ್ತಾ?" ಸುಳ್ಳು ಭರವಸೆ ಕೊಡಲಿಲ್ಲ. 2016ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಎಸಿಟಾಲೋಪ್ರಾಂ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟ ಹಾರ್ಟ್ ಫೇಲ್ಯೂರ್ ರೋಗಿಗಳ ಆಯಸ್ಸು ಹೆಚ್ಚಲಿಲ್ಲ, ಮನಸ್ಸೂ ಔಷಧಿಯೇ ಇಲ್ಲದ ಖಾಲಿ ಮಾತ್ರೆ ತೆಗೆದುಕೊಂಡವರಿಗಿಂತ ಜಾಸ್ತಿ ಸುಧಾರಿಸಲಿಲ್ಲ. ಮಾತಿನ ಚಿಕಿತ್ಸೆಯಿಂದ ಖಿನ್ನತೆ ಇಳಿದದ್ದು ಮಾತ್ರ 2015ರ ಇನ್ನೊಂದು ಅಧ್ಯಯನದಲ್ಲಿ ಕಂಡಿದೆ. ರೋಗಿಗೆ ಎಷ್ಟು ಆಗುತ್ತದೆ ಅಂತ ಲೆಕ್ಕ ಹಾಕಿ ಮಾಡಿಸುವ ವ್ಯಾಯಾಮವೂ ಸ್ವಲ್ಪ ನೆರವಾಗುತ್ತದೆ. ಮಾತ್ರೆಯೇ ಬೇಡ ಅಂತಲ್ಲ. ತೀವ್ರವಾಗಿದ್ದರೆ ಮನೋವೈದ್ಯರು, ಹೃದಯದ ಡಾಕ್ಟರು ಮಾತಾಡಿಕೊಂಡು ಕೊಡಬೇಕು, ಏಕೆಂದರೆ ಕೆಲವು ಹಳೆಯ ಖಿನ್ನತೆ ಮಾತ್ರೆಗಳು ಈ ಹೃದಯಕ್ಕೆ ಒಳ್ಳೆಯದಲ್ಲ.

ಕೊಟ್ಟ ಸಲಹೆ ಇಷ್ಟು. ಬೆಳಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿ ರಾಜಣ್ಣನೇ ಬರೆದಿಡಬೇಕು, ಮೂರು ದಿನದಲ್ಲಿ 2 ಕಿಲೋಗಿಂತ ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು, ಆಸ್ಪತ್ರೆಗೆ ಫೋನ್. ಡಾಕ್ಟರು ಒಪ್ಪಿದಷ್ಟು ನಡಿಗೆ. ಅಂಗಡಿಯಲ್ಲಿ ದಿನಾ ಸ್ವಲ್ಪ ಹೊತ್ತು ಕೂತು ಬಟ್ಟೆ ಕತ್ತರಿಸುವುದು. ಮನೆಯವರಿಗೆ ನಾನು ಗಟ್ಟಿಯಾಗಿಯೇ ಹೇಳಿದೆ: "ನೀವು ಸುಮ್ನೆ ಕೂತಿರಿ" ಅನ್ನುವುದನ್ನು ನಿಲ್ಲಿಸಿ. ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ದುಡಿದ ಮನುಷ್ಯನಿಗೆ ಅದು ನೀನು ಬೇಡ ಅಂದ ಹಾಗೆ ಕೇಳಿಸುತ್ತದೆ.

ಈಗ ಮಾತ್ರೆ ನುಂಗುತ್ತಿದ್ದಾರೆ, ಊತ ಕಡಿಮೆ. ಏನೂ ಬೇಡ ಅನ್ನುವ ದಿನಗಳು ಇನ್ನೂ ಬರುತ್ತವೆ. ಮುಂದಿನ ಭೇಟಿಗೆ ಹೆಂಡತಿಯನ್ನೂ ಬೇರೆಯಾಗಿ ಕರೆದಿದ್ದೇನೆ, ಗಂಡನ ಉಸಿರು ಕೇಳಿಸಿಕೊಳ್ಳುತ್ತಾ ಅವರೂ ರಾತ್ರಿಯೆಲ್ಲ ನಿದ್ದೆ ಮಾಡುತ್ತಿಲ್ಲ.