ಪಾಸ್ಟರ್ ರೆಡಿ ಇದ್ರು, ಪಾಸ್ಟರಮ್ಮನ್ನ ಯಾರೂ ಕೇಳಿರ್ಲಿಲ್ಲ

ಸಲಹೆ ಕೇಳ್ಕೊಂಡು ಬರೋ ಪಾಸ್ಟರ್ ದಂಪತಿಗಳ ಈ ಥರದ ಕೇಸು ನನ್ನ ಹತ್ರ ಪದೇ ಪದೇ ಬರ್ತಿದೆ, ಅದಕ್ಕೇ ಬರೀತಿದ್ದೀನಿ. ಊರು, ಹೆಸರು, ಮಕ್ಕಳ ವಿವರ ಎಲ್ಲ ಬದಲಾಯಿಸಿದ್ದೀನಿ, ಆ ಗಂಡ ಹೆಂಡ್ತಿ ಇಬ್ಬರೂ ಓದಿ ಒಪ್ಪಿದ ಮೇಲೇ ಹಾಕ್ತಿರೋದು.

ಒಂದು ತಾಲ್ಲೂಕು ಊರಲ್ಲಿ ಬಾಡಿಗೆ ಮನೆಯಲ್ಲಿ ಸಣ್ಣ ಕ್ರೈಸ್ತ ಸಭೆ ನಡೆಸ್ತಿದ್ದ ಪಾಸ್ಟರ್. ಒಂದು ಭಾನುವಾರ ಆರಾಧನೆ ಮಧ್ಯೆ ಗುಂಪು ಬಂತು, ಘೋಷಣೆ, ಮೊಬೈಲಲ್ಲಿ ವಿಡಿಯೋ, ಆಮೇಲೆ ಪೊಲೀಸ್ರು ಬಂದು ಇವರನ್ನೇ ಸ್ಟೇಷನ್ನಿಗೆ ಕರ್ಕೊಂಡು ಹೋಗಿ ಸಂಜೆವರೆಗೂ ಕೂರ್ಸಿ ಬರೆಸ್ಕೊಂಡು ಬಿಟ್ರು. ಕೇಸು ಆಗ್ಲಿಲ್ಲ. ನನ್ನ ಹತ್ರ ಬಂದಾಗ ಪಾಸ್ಟರ್ ಹೇಳಿದ ಸಮಸ್ಯೆ ಮಾತ್ರ ಬೇರೆ. "ಸಿಸ್ಟರ್, ನನ್ನ ಹೆಂಡ್ತಿ ವಿಶ್ವಾಸದಲ್ಲಿ ಬಲಹೀನ ಆಗಿದ್ದಾರೆ, ಮನೇಲಿ ಪ್ರಾರ್ಥನೆ ಬೇಡ ಅಂತಾರೆ, ನೀವು ಸ್ವಲ್ಪ ಬುದ್ಧಿ ಹೇಳಿ."

ಮೊದಲ ಸಲ ಅವರೊಬ್ಬರೇ ಮಾತಾಡಿದ್ರು. ಆ ಯಮ್ಮ ಸೀರೆ ಸೆರಗು ತಿರುವ್ತಾ ಕೂತಿದ್ರು ಅಷ್ಟೇ. ಎರಡನೇ ಸಲ ಪಾಸ್ಟರ್ ತಮ್ಮ ಪ್ಲಾನ್ ಹೇಳಿದ್ರು, ಅಕ್ಕಪಕ್ಕದ ಹಳ್ಳಿಗಳಿಗೆ ಹೋಗಿ ಕರಪತ್ರ ಹಂಚ್ತೀನಿ, ಹೆದರಿದ್ದೀನಿ ಅಂತ ಯಾರೂ ಅಂದ್ಕೋಬಾರ್ದು, ಕರ್ತನಿಗೋಸ್ಕರ ಜೈಲಿಗೂ ರೆಡಿ, ಸಾಯೋಕೂ ರೆಡಿ ಅಂತ. ಆವಾಗ ಆಕೆ ಬಾಯಿಬಿಟ್ರು. "ಅಕ್ಕ, ಇವ್ರು ಈ ಮಾತನ್ನ ಸಭೇಲೂ ಹೇಳ್ತಾರೆ, ಎಲ್ಲರೂ ಆಮೆನ್ ಅಂತಾರೆ. ನೀನು ರೆಡಿ ಇದ್ದೀಯಾ ಅಂತ ಒಂದಿನ ನನ್ನ ಕೇಳಿಲ್ಲ. ಅವತ್ತು ಬಾಗ್ಲು ತೆಗೆದಿದ್ದು ನಾನು. ಇವ್ರು ಒಳಗೆ ವಾಕ್ಯ ಹೇಳ್ತಿದ್ರು."

ಪಾಸ್ಟರ್ ಏನೋ ವಚನ ಹೇಳೋಕೆ ಹೋದ್ರು. ಒಂದ್ನಿಮಿಷ ತಡೀರಿ ಅಂದೆ. ಆಕೆ ಮುಂದುವರ್ಸಿದ್ರು, ಮಗಳ ಕ್ಲಾಸಲ್ಲಿ ಆ ವಿಡಿಯೋ ತೋರ್ಸಿ ಇದು ನಿಮ್ಮಪ್ಪಾನಾ ಅಂತ ಕೇಳಿದ್ರಂತೆ, ಮನೆ ಓನರ್ ಖಾಲಿ ಮಾಡಿ ಅಂದಿದ್ದಾರಂತೆ, ಅದನ್ನ ಗಂಡನಿಗೆ ಹೇಳಿಯೇ ಇಲ್ವಂತೆ, ಹೇಳಿದ್ರೆ ಅವಿಶ್ವಾಸ ಅಂತಾರೆ ಅಂತ. ಆಮೇಲೆ ಗಂಡನ ಕಡೆ ತಿರುಗಿ, "ರಾತ್ರಿ ನೀವು ನಿದ್ದೆ ಮಾಡ್ತಿಲ್ಲ ಅಂತಾನೂ ನನಗೆ ಗೊತ್ತು ರೀ, ಬೈಕ್ ಸೌಂಡ್ ಬಂದ್ರೆ ಎದ್ದು ಕಿಟಕಿ ಹತ್ರ ನಿಂತ್ಕೋತೀರಿ" ಅಂದ್ರು. ಆ ಮನುಷ್ಯ ಮುಖ ಮುಚ್ಕೊಂಡು ಅತ್ರು. ಬಲಹೀನ ಆಗಿರೋದು ಹೆಂಡ್ತಿ ಅಂತ ಬಂದವರು.

ಇದ್ರಲ್ಲಿ ನನಗೆ ಕಂಡಿದ್ದು ಏನಂದ್ರೆ, ನಮ್ಮ ಸಭೆಗಳಲ್ಲಿ ಭಯ ಅನ್ನೋದನ್ನ ಪಾಪದ ಲಿಸ್ಟಿಗೆ ಸೇರಿಸಿಬಿಟ್ಟಿದ್ದೀವಿ. ಯಾರಾದ್ರೂ ಹೆದರಿಕೆ ಆಗ್ತಿದೆ ಅಂದ್ರೆ ತಕ್ಷಣ ದೇವರು ನಮಗೆ ಕೊಟ್ಟಿರೋದು ಹೇಡಿತನದ ಆತ್ಮ ಅಲ್ಲ ಅನ್ನೋ ಬೈಬಲ್ ವಚನ, 2 ತಿಮೊಥೆ 1:7, ವಾಟ್ಸಾಪಲ್ಲಿ ಬರುತ್ತೆ. ಹೆದರೋಕೆ ಕಾರಣಾನೇ ಇಲ್ವಾ? 2008ರ ಸೆಪ್ಟೆಂಬರಲ್ಲಿ ಮಂಗಳೂರು ಕಡೆ ಚರ್ಚುಗಳ ಮೇಲೆ ಆದ ದಾಳಿ ನೋಡಿದವರಿದ್ದಾರೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು, ಜಾಮೀನುರಹಿತ ಅಪರಾಧ, ತಪ್ಪು ಮಾಡಿಲ್ಲ ಅಂತ ಆರೋಪ ಹೊತ್ತವರೇ ಸಾಬೀತು ಮಾಡ್ಬೇಕು, ದೂರು ಕೊಡೋಕೆ ಸಂಬಂಧಿಕರೇ ಆಗ್ಬೇಕಿಲ್ಲ, ಜೊತೆ ಕೆಲಸ ಮಾಡೋರೂ ಕೊಡಬಹುದು. ರದ್ದು ಮಾಡ್ತೀವಿ ಅಂತ 2023ರ ಜೂನಲ್ಲಿ ಸಂಪುಟ ತೀರ್ಮಾನ ಮಾಡ್ತು, ಸರಿ, ಆದ್ರೆ ರಾತ್ರಿ ಎರಡು ಗಂಟೆಗೆ ಕಿಟಕಿ ಹತ್ರ ನಿಂತಿರೋ ಮನುಷ್ಯನ ಎದೆಬಡಿತ ಅದರಿಂದ ನಿಲ್ಲಲ್ಲ.

ನಾನು ಕೊಟ್ಟ ಸಲಹೆ ಇದು. ಹಳ್ಳಿಗಳಿಗೆ ಹೋಗೋ ಪ್ಲಾನ್ ಸದ್ಯಕ್ಕೆ ಬೇಡ. ಯಾಕಂದ್ರೆ ಅದು ದೇವರ ಕರೆಯಿಂದ ಹುಟ್ಟಿರ್ಲಿಲ್ಲ, ಸ್ಟೇಷನ್ನಲ್ಲಿ ಆದ ಅವಮಾನದಿಂದ ಹುಟ್ಟಿತ್ತು, ಹಾಗೆ ಹೊರಟವರು ಕೇಳೋರ ಮುಖ ನೋಡಲ್ಲ, ತಮ್ಮ ಧೈರ್ಯಾನೇ ನೋಡ್ಕೋತಾರೆ. ಎರಡನೇದು, ಮನೇಲಿ ಸಭೆ ಸೇರಬೇಕೋ ಬೇಡ್ವೋ ಅನ್ನೋದನ್ನ ಇಬ್ಬರೂ ಕೂತು ತೀರ್ಮಾನ ಮಾಡಿ, ಆಕೆ ಬೇಡ ಅಂದ್ರೆ ಬೇಡ. ಅದೇ ಊರಲ್ಲಿರೋ ಹಳೇ ಚರ್ಚಿನವರ ಹತ್ರ ಮಧ್ಯಾಹ್ನ ಹಾಲ್ ಕೇಳಿ ಅಂದೆ. (ಬೇರೆ ಪಂಗಡದವರ ಹತ್ರ ಕೇಳೋಕೆ ಅವರಿಗೆ ಆದ ಕಷ್ಟ ಇದೆಯಲ್ಲ, ಅದು ಇನ್ನೊಂದು ಲೇಖನಕ್ಕಾಗುತ್ತೆ.)

"ಅಂದ್ರೆ ಓಡಿಹೋಗು ಅಂತೀರಾ ಸಿಸ್ಟರ್?" ಅಂತ ಸಿಟ್ಟಲ್ಲೇ ಕೇಳಿದ್ರು. ಈ ಊರಲ್ಲಿ ಹಿಂಸೆ ಕೊಟ್ರೆ ಇನ್ನೊಂದು ಊರಿಗೆ ಓಡಿಹೋಗಿ ಅಂತ ಮತ್ತಾಯ 10:23ರಲ್ಲಿ ಹೇಳಿದ್ದು ಯೇಸುವೇ ಅಂದೆ. ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನ ಕೊಲೆ ಆದ ಮೇಲೆ ಜೆರುಸಲೇಮಿಂದ ಚದುರಿಹೋದವರೇ ಹೋದಹೋದಲ್ಲಿ ಸುವಾರ್ತೆ ಸಾರಿದ್ದು, ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ, ಅವರನ್ನ ಯಾರೂ ಹೇಡಿಗಳು ಅನ್ನಲ್ಲ. ನಿದ್ದೆ ವಿಷಯಕ್ಕೆ ಜಿಲ್ಲಾಸ್ಪತ್ರೆ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ, ಮಧ್ಯರಾತ್ರಿ ತಡ್ಕೊಳ್ಳೋಕೆ ಆಗ್ದಿದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂದೆ. ಮಾತ್ರೆ ತಗೊಂಡ್ರೆ ವಿಶ್ವಾಸ ಇಲ್ಲ ಅಂತಾಗುತ್ತಲ್ವಾ ಅಂದ್ರು. ಪ್ರವಾದಿ ಎಲೀಯ ಸಾಯ್ಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಪ್ರಸಂಗ ಮಾಡ್ಲಿಲ್ಲ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ ಅಂದೆ.

ಇನ್ನೊಂದು ಮಾತನ್ನ ಸ್ವಲ್ಪ ಗಟ್ಟಿಯಾಗೇ ಹೇಳಿದೆ. ಪ್ರಸಂಗದಲ್ಲಿ ಬೇರೆಯವರ ದೇವರನ್ನ ಆಡಿಕೊಳ್ಳೋದು, ಬಂದ್ರೆ ಸಾಲ ತೀರುತ್ತೆ ಕಾಯಿಲೆ ಹೋಗುತ್ತೆ ಅಂತ ಮಾತು ಕೊಡೋದು ನಿಲ್ಲಿಸಿ. ಇದು ಕಾನೂನಿನ ಭಯಕ್ಕೆ ಹೇಳ್ತಿಲ್ಲ, ಕಾನೂನು ಇಲ್ದಿದ್ರೂ ಅದು ತಪ್ಪೇ. ಕೇಳಿದವರಿಗೆ ಸಾತ್ವಿಕವಾಗಿ ಉತ್ತರ ಕೊಡಿ ಅಂತ 1 ಪೇತ್ರ 3:15 ಹೇಳುತ್ತೆ. ಪಕ್ಕದ ಮನೆಯ ಹೆಂಗಸು, ಆ ಗಲಾಟೆ ಆದ ಸಂಜೆ ಮಕ್ಕಳಿಗೆ ಊಟ ಹಾಕಿದ್ದಳಂತೆ, ಅವಳು ಈಗ್ಲೂ ಪಾಸ್ಟರಮ್ಮನ ಹತ್ರ ಜಗಲಿ ಮೇಲೆ ಕೂತು ಕಷ್ಟಸುಖ ಮಾತಾಡ್ತಾಳೆ. ಅವಳನ್ನ ಸಭೆಗೆ ಕರೀಬೇಕು ಅಂತ ಪಾಸ್ಟರಮ್ಮನಿಗೆ ಅನ್ಸಿಲ್ಲ, ನನಗೂ ಅನ್ಸಲ್ಲ. ಆದ್ರೆ ಆ ಮನೇಲಿ ಕ್ರಿಸ್ತನ ಸಾಕ್ಷಿ ಎಲ್ಲಿದೆ ಅಂತ ಕೇಳಿದ್ರೆ ನಾನು ಆ ಜಗಲಿ ತೋರಿಸ್ತೀನಿ.

ಈಗ ಹಾಲಲ್ಲಿ ಸಭೆ ನಡೀತಿದೆ, ಕೆಲವರು ಬಿಟ್ಟುಹೋದ್ರು. ಪಾಸ್ಟರ್ ಮಾತ್ರೆ ತಗೊಳ್ತಿದ್ದಾರೆ, ಹಳ್ಳಿ ಕಡೆ ಮನಸ್ಸು ಇನ್ನೂ ಇದೆ, ಅದರ ಬಗ್ಗೆ ಗಂಡ ಹೆಂಡ್ತಿ ಜಗಳ ಆಡ್ತಾರೆ. ಆಡ್ಲಿ, ಮೊದಲು ಅದೂ ಇರ್ಲಿಲ್ಲ. ಸಭೆಯ ಹಿರಿಯರು ಮಾತ್ರ ಸಿಸ್ಟರ್ ನಮ್ಮ ಪಾಸ್ಟರ್ ಸೇವೆ ನಿಲ್ಲಿಸಿಬಿಟ್ರು ಅಂತ ನನ್ನ ಮೇಲೆ ಸಿಟ್ಟಾಗಿದ್ದಾರೆ. ಅವರಿಗೆ ನಾನೂ ಒಂದು ಕೆಲಸ ಹೇಳಿದ್ದೆ. ಪಾಸ್ಟರ್ ಜೈಲಿಗೆ ರೆಡಿ ಅಂದಾಗ ಆಮೆನ್ ಅಂದವರು ವಕೀಲರ ಫೀಸಿಗೆ, ಮನೆ ಅಡ್ವಾನ್ಸಿಗೆ ತಿಂಗಳಾ ಇಷ್ಟು ಅಂತ ತೆಗೆದಿಡಿ, ಯಾರನ್ನಾದ್ರೂ ಬಂಧಿಸಿದ್ರೆ 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡ್ಬೇಕು, ಅಷ್ಟರೊಳಗೆ ಓಡಾಡೋರು ಯಾರು ಅಂತ ಈಗ್ಲೇ ಹೆಸರು ಬರೆದಿಡಿ ಅಂತ. ತುಂಬಾ ದಿನ ಯಾರೂ ಉತ್ತರ ಕೊಡ್ಲಿಲ್ಲ. ಮೊನ್ನೆ ಒಬ್ರು ಫೋನ್ ಮಾಡಿ ಬ್ಯಾಂಕ್ ಖಾತೆ ಯಾರ ಹೆಸರಲ್ಲಿ ತೆರೆಯೋದು ಅಂತ ಕೇಳಿದ್ರು. ಇಬ್ಬರ ಹೆಸರಲ್ಲಿ ತೆರೀರಿ, ಒಬ್ರಾದ್ರೂ ಹೆಂಗಸಾಗಿರ್ಲಿ ಅಂದೆ.