ಅಜ್ಜಿ ಮಂಚದ ಕೆಳಗಿನ 52 ಬಾಕ್ಸ್

ಈ ವಾರ ಬಂದ ಪತ್ರಗಳಲ್ಲಿ ಮೂರು ಅತ್ತೆ ಸೊಸೆ ವಿಷ್ಯ, ಒಂದು ಸೈಟ್ ಪಾಲಿನ ಜಗಳ. ಅವೆಲ್ಲ ಮುಂದಿನ ವಾರಕ್ಕಿರ್ಲಿ. ನಿಟ್ಟುವಳ್ಳಿ ಕಡೆ ಹುಡುಗನೊಬ್ಬ ಬರೆದಿರೋದನ್ನ ಓದಿದ್ಮೇಲೆ ರಾತ್ರಿ ಊಟ ಸರಿಯಾಗಿ ಇಳೀಲಿಲ್ಲ ನಂಗೆ, ಹಾಗಾಗಿ ಅದೇ ಮೊದ್ಲು.

ಹುಡುಗಂಗೆ 27 ವರ್ಷ, ದಾವಣಗೆರೆಯಲ್ಲೇ ಬಿಕಾಂ ಮುಗಿಸಿದಾನೆ, ಒಂದು ಬಿಸ್ಕತ್ ಕಂಪನೀಲಿ ಸೇಲ್ಸ್ ಆಫೀಸರ್ ಆಗಿ ಮೂರು ವರ್ಷ ಆಯ್ತು. ಸಂಬಳ 22 ಸಾವಿರ, ಟಿಎ ಡಿಎ ಬೇರೆ, ಟಾರ್ಗೆಟ್ ಮುಟ್ಟಿದ ತಿಂಗಳು 4,500 ಇನ್ಸೆಂಟಿವ್. ವಾರದಲ್ಲಿ ನಾಲ್ಕು ದಿನ ಊರಿನ ಬೀಟು (ಅಂಗಡಿ ಸುತ್ತೋದು), ಒಂದಿನ ಹರಿಹರ, ಒಂದಿನ ಜಗಳೂರು. ಎಎಸ್ಎಂ, ಅಂದ್ರೆ ಏರಿಯಾ ಸೇಲ್ಸ್ ಮ್ಯಾನೇಜರ್, ವಾಟ್ಸಾಪ್ ಗ್ರೂಪಲ್ಲಿ ಎಲ್ಲರೆದುರು ಬೈತಾನಂತೆ, ಅಂಗಡಿಯವರು ನಾಳೆ ಬಾ ನಾಳೆ ಬಾ ಅಂತಾರಂತೆ, ಹೊಸದುರ್ಗದ ಕಡೆ ಒಂದು ಸಂಬಂಧ ಬಂದಿತ್ತಂತೆ, ಆ ಹುಡುಗಿ ಮನೆಯೋರು "ಅಂಗಡಿ ಅಂಗಡಿ ತಿರುಗೋ ಹುಡುಗ" ಅಂದು ಸುಮ್ನಾದ್ರಂತೆ. ಅವನ ಪ್ರಶ್ನೆ ಇಷ್ಟೇ: "ಮೇಡಂ, ನಾನು ಮಾತು ಕಮ್ಮಿ, ಸೇಲ್ಸ್ ನಂಗೆ ಆಗಿಬರುತ್ತಾ? ಅಥವಾ ಬಿಟ್ಟು ಎಫ್‌ಡಿಎ ಕೋಚಿಂಗ್ ಸೇರ್ಲಾ?"

ಹುಡುಗಿ ಮನೆಯೋರ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ. ಬಿಡು ಅವರ್ನ. ಮುಗೀತು.

ಈಗ ನಿನ್ನ ಪತ್ರದ ಮೂರನೇ ಪುಟಕ್ಕೆ ಬರೋಣ ತಮ್ಮಾ. ಅಲ್ಲಿ, ಮನೆ ಇಕ್ಕಟ್ಟು ಅಂತ ಹೇಳ್ತಾ ಹೇಳ್ತಾ ಒಂದು ಮಾತು ಬರ್ದಿದೀಯ: "ಅಜ್ಜಿ ಮಂಚದ ಕೆಳಗೆ, ಗೋಡೆ ಪಕ್ಕ ಎಲ್ಲ ನನ್ನ ಬಾಕ್ಸೇ ಇದಾವೆ, ಸುಮಾರು 52. ತಿಂಗಳ ಕೊನೇಲಿ ಟಾರ್ಗೆಟ್‌ಗೆ ಸ್ವಲ್ಪ ಶಾರ್ಟ್ ಬಿದ್ರೆ ಗೊತ್ತಿರೋ ಅಂಗಡಿ ಹೆಸರಲ್ಲಿ ಬಿಲ್ ಹಾಕಿಸ್ಕೊಂಡು ನಾನೇ ದುಡ್ಡು ಕಟ್ತೀನಿ, ಆಮೇಲೆ ಮೆಲ್ಲಗೆ ಮಾರ್ಕೋತೀನಿ, ಫೀಲ್ಡಲ್ಲಿ ಎಲ್ರೂ ಮಾಡ್ತಾರೆ. ನಮ್ ಡಿಸ್ಟ್ರಿಬ್ಯೂಟರ್ ಅಣ್ಣ ದೇವರಂಥೋರು, ಏನೂ ಕೇಳ್ದೆ ಬಿಲ್ ಹಾಕ್ಕೊಡ್ತಾರೆ." ಅಷ್ಟು ಹೇಳಿ ಮತ್ತೆ ಎಎಸ್ಎಂ ಬೈದಿದ್ದಕ್ಕೆ ಹೋಗ್ಬಿಟ್ಟಿದೀಯ. ನಾನು ಮಾತ್ರ ಆ ಮಂಚ ಬಿಟ್ಟು ಮುಂದಕ್ಕೆ ಹೋಗೋಕಾಗ್ಲಿಲ್ಲ. ಅಜ್ಜಿ ರಾತ್ರಿ ಮಗ್ಗಲು ಬದಲಾಯಿಸಿದ್ರೆ ಕೆಳಗಿಂದ ಕ್ರೀಂ ಬಿಸ್ಕತ್ ವಾಸನೆ ಬರುತ್ತೆ ಅಂತಾನೂ ಬರ್ದಿದೀಯ, ಇರುವೆಗೆ ಲಕ್ಷ್ಮಣರೇಖೆ ಸೀಮೆಸುಣ್ಣ ಎಳೆದಿದೀಯ ಅಂತಾನೂ ಬರ್ದಿದೀಯ. ಎಂಬತ್ತು ದಾಟಿದ ಜೀವ, ಗೋಡೌನ್ ಮೇಲೆ ಮಲಗ್ತಿದೆ.

ನೀನು ಸೇಲ್ಸ್ ಮಾಡ್ತಿಲ್ಲ ಕಣೋ. ನೀನು ಗಿರಾಕಿ. ನಿಮ್ಮ ಕಂಪನಿಗೆ ದಾವಣಗೆರೆಯಲ್ಲಿ ಸಿಕ್ಕಿರೋ ಅತಿ ಒಳ್ಳೆ ಗಿರಾಕಿ, ಉದ್ರಿ ಕೇಳಲ್ಲ, ಸ್ಕೀಂ ಕೇಳಲ್ಲ, ಡ್ಯಾಮೇಜ್ ವಾಪಸ್ ಕೊಡಲ್ಲ.

ಲೆಕ್ಕ ಮಾಡೋಣ, ನೀನೇ ಕೊಟ್ಟ ನಂಬರ್ ಇಟ್ಕೊಂಡು. ಜುಲೈಯಿಂದ ಅಕ್ಟೋಬರ್ ತನಕ ನಾಲ್ಕು ತಿಂಗಳು, ತಿಂಗಳಿಗೆ ಹೆಚ್ಚುಕಮ್ಮಿ 17 ಸಾವಿರದ ಮಾಲು, ಒಟ್ಟು 68 ಸಾವಿರ. ದುಡ್ಡು ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದು. ಅದರ ಬಡ್ಡಿ ಇಲ್ಲೀತನಕ 3,400. ನಿಂಗೆ ಬಂದ ಇನ್ಸೆಂಟಿವ್ ನಾಲ್ಕು ಸರ್ತಿ 4,500, ಅಂದ್ರೆ 18 ಸಾವಿರ. ಈಗ ಈ ಮಾಲನ್ನ ಹೋಲ್‌ಸೇಲ್‌ನೋರಿಗೆ ಹೊಡೆದ್ರೆ ಕಾಲು ಭಾಗ ಕಮ್ಮಿಗೇ ಕೇಳ್ತಿದಾರೆ ಅಂದಿದೀಯ, ಅಲ್ಲಿ 17 ಸಾವಿರ ಹೋಯ್ತು. ಕಳೆದು ನೋಡು. 2,400 ರೂಪಾಯಿ ಕೈಯಿಂದ. ನಾಲ್ಕು ತಿಂಗಳು ಬಿಸಿಲಲ್ಲಿ ಮಳೇಲಿ ಬೈಕ್ ಹೊಡೆದು, ಬೈಸ್ಕೊಂಡು, ಮೇಲೆ ಕಂಪನಿಗೇ 2,400 ಕೊಟ್ಟಿದೀಯ. ಕಾಲು ಭಾಗ ಅನ್ನೋದೂ ನಿನ್ನ ಆಸೆ ಅಂತೀನಿ ನಾನು, ಯಾಕಂದ್ರೆ ಜುಲೈ ಆಗಸ್ಟಲ್ಲಿ ತಂದ ಬಾಕ್ಸ್ ಹಳೇ ಎಂಆರ್‌ಪಿದು. 2025ರ ಸೆಪ್ಟೆಂಬರ್ 22ಕ್ಕೆ ಬಿಸ್ಕತ್ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟಿಗೆ ಇಳೀತಲ್ಲ, ಅವತ್ತು ಉಳಿದಿದ್ದ ಹಳೇ ಮಾಲಿಗೆ ಹೊಸ ರೇಟಿನ ಸ್ಟಿಕ್ಕರ್ ಹಚ್ಚಿ ಮಾರೋಕೆ ಸರ್ಕಾರ ಬಿಟ್ಟಿತ್ತು, ಕಂಪನಿಯೋರು ಡಿಸ್ಟ್ರಿಬ್ಯೂಟರ್ ಹತ್ರ ಸ್ಟಾಕ್ ಲಿಸ್ಟ್ ಇಸ್ಕೊಂಡ್ರು ಅಂತ ನೀನೇ ಹೇಳಿದೀಯ. ಆ ಲಿಸ್ಟಲ್ಲಿ ನಿಮ್ಮಜ್ಜಿ ಮಂಚ ಇತ್ತಾ? ಇರೋಕೆ ಸಾಧ್ಯನೇ ಇಲ್ಲ, ಕಂಪನಿ ಲೆಕ್ಕದಲ್ಲಿ ಆ ಬಿಸ್ಕತ್ತೆಲ್ಲ ಆಗ್ಲೇ ಯಾರೋ ಚಹಾದಲ್ಲಿ ಅದ್ದಿ ತಿಂದಾಗಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪ್ರತಿ ತಿಂಗಳು ಟಾರ್ಗೆಟ್ ಯಾಕೆ ಏರ್ತಿದೆ, 9 ಲಕ್ಷ ಇದ್ದದ್ದು ಈಗ 9 ಲಕ್ಷದ 80 ಸಾವಿರ ಹೆಂಗಾಯ್ತು ಅಂತ ಕೇಳಿದೀಯ. ಏರಿಸ್ತಿರೋನು ನೀನೇ. ಹೋದ ತಿಂಗಳು ಎಷ್ಟು ಬಿಲ್ ಆಯ್ತೋ ಅದನ್ನ ಬೇಸ್ ಇಟ್ಕೊಂಡು ತಾನೇ ಮೇಲಿನೋರು ಮುಂದಿನ ತಿಂಗಳಿಗೆ ಹಾಕೋದು? ಮಂಚದ ಕೆಳಗೆ ಹೋದ 17 ಸಾವಿರಾನೂ ಆ ಬೇಸಲ್ಲಿ ಸೇರ್ಕೊಂಡು ಕೂತಿದೆ. ಅದರ ಮೇಲೆ ಅವರು ಇನ್ನಷ್ಟು ಏರಿಸ್ತಾರೆ, ನೀನು ಮತ್ತೆ ಶಾರ್ಟ್ ಬೀಳ್ತೀಯ, ಮತ್ತೆ ಬಾಕ್ಸ್ ತರ್ತೀಯ. ಹಿಂಗೇ ಹೋದ್ರೆ ಬರೋ ಯುಗಾದಿಗೆ ಅಜ್ಜಿನೇ ಹೊರಗೆ ಮಲಗಿಸ್ಬೇಕಾಗುತ್ತೆ.

ಎಎಸ್ಎಂ ಮೇಲೆ ನಂಗೆ ಅಷ್ಟೇನೂ ಸಿಟ್ಟಿಲ್ಲ. ಬೈಯೋದು ತಪ್ಪೇ, ಆದ್ರೆ ಅವನ ತಲೆ ಮೇಲೂ ಒಬ್ಬ ಕೂತಿರ್ತಾನೆ, ಅವನಿಗೂ ಹುಬ್ಬಳ್ಳಿಯಿಂದಲೋ ಬೆಂಗಳೂರಿಂದಲೋ ಬೆಳಗಾದ್ರೆ ಫೋನು. ನನ್ನ ಸಿಟ್ಟು ಆ ದೇವರಂಥೋರ ಮೇಲೆ. ಮೂರು ವರ್ಷದಿಂದ ಈ ಹುಡುಗನ್ನ ನೋಡ್ತಿದಾರೆ, ಮನೆ ಪರಿಸ್ಥಿತಿ ಗೊತ್ತು, ಅಪ್ಪ ಇಲ್ಲ ಅಂತ ಗೊತ್ತು. ತಿಂಗಳ ಕೊನೆ ಸಂಜೆ ಏಳಕ್ಕೆ ಹುಡುಗ ಬೆವರು ಒರೆಸ್ಕೊಂಡು ಬಂದು ನಿಂತ್ರೆ "ಹಾಕ್ಕೋ ತಮ್ಮ, ನಿನ್ನ ಮೇಲೆ ನಂಬಿಕೆ ಐತಿ" ಅಂತಾರಂತೆ. ನಂಬಿಕೆ ಇದ್ರೆ ಉದ್ರಿ ಕೊಡ್ಬೇಕಿತ್ತಲ್ಲ! ಅಂಗಡಿಗಳಿಗೆ 15 ದಿನ ಬಿಡೋ ಮನುಷ್ಯ ನಿನ್ನ ಹತ್ರ ಮಾತ್ರ ನಿಂತ ಕಾಲಲ್ಲಿ ಫೋನ್‌ಪೇ ಮಾಡಿಸ್ಕೊಂಡಿದಾರೆ. ಅವರ ಮಾಲು ಖಾಲಿ ಆಯ್ತು, ಅವರ ಮಾರ್ಜಿನ್ ಅವರಿಗೆ ಬಂತು, ಅವರ ಟಾರ್ಗೆಟ್ಟೂ ಮುಟ್ತು. ಇದರಲ್ಲಿ ದೇವರು ಎಲ್ಲಿಂದ ಬಂದ ನಂಗೆ ಗೊತ್ತಾಗ್ಲಿಲ್ಲ. ದೇವರಾದ್ರೆ ಹಣ್ಣುಕಾಯಲ್ಲಿ ಅರ್ಧನಾದ್ರೂ ವಾಪಸ್ ಕೊಡ್ತಾನೆ.

ಬಿಲ್ ಯಾರ ಹೆಸರಲ್ಲಿ ಅನ್ನೋದನ್ನ ಯೋಚ್ನೆ ಮಾಡಿದೀಯಾ? ಅಂಗಡಿಯೋನು ಜಿಎಸ್‌ಟಿ ನಂಬರ್ ಇಟ್ಕೊಂಡಿದ್ರೆ, ನೀನು ಹಾಕಿಸಿದ ಬಿಲ್ ಅವನ ಖರೀದಿ ತೋರ್ಸೋ ಜಿಎಸ್‌ಟಿ 2ಬಿ ಸ್ಟೇಟ್‌ಮೆಂಟಲ್ಲಿ ಬಂದು ಕೂರುತ್ತೆ. ಬಾರದ ಮಾಲು ಅವನ ಖರೀದಿ ಅಂತ ತೋರ್ಸುತ್ತೆ, ಅವನ ಆಡಿಟರ್ ಗೊತ್ತಿಲ್ದೆ ಅದರ ಮೇಲೆ ಇನ್‌ಪುಟ್ ತಗೊಂಡ್ರೆ, ಅಂದ್ರೆ ಆ ಬಿಲ್ಲಿನ ತೆರಿಗೆಯನ್ನ ತಾನು ಕಟ್ಟೋ ತೆರಿಗೇಲಿ ಮುರ್ಕೊಂಡ್ರೆ, ಸಿಕ್ಕಿಬೀಳೋನು ಅವನು, ಯಾಕಂದ್ರೆ ಮಾಲು ಕೈಗೆ ಬರದೆ ಇನ್‌ಪುಟ್ ತಗೊಳ್ಳೋ ಹಂಗಿಲ್ಲ. 2025ರ ಜುಲೈಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆಯೋರು ಸಣ್ಣ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟು ಜನ ಸ್ಕ್ಯಾನರ್ ತೆಗೆದು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ರು, ನೀನೇ ಬೀಟಲ್ಲಿ ನೋಡಿರ್ತೀಯ. ಅಷ್ಟು ಹೆದರಿರೋ ಮನುಷ್ಯನ ಹೆಸರಲ್ಲಿ, ಅವನು ದಿನಾ ಚಹಾ ಕುಡಿಸ್ತಾನೆ ಅನ್ನೋ ಸಲಿಗೇಲಿ, ನೀನು ಬಿಲ್ ಹಾಕಿಸ್ತಿದೀಯ. ಇದನ್ನ ಓದೋವಾಗ ನಿನ್ನ ಮೇಲಿದ್ದ ಕನಿಕರ ಸ್ವಲ್ಪ ಕಮ್ಮಿ ಆಯ್ತು, ಸುಳ್ಳು ಹೇಳಲ್ಲ.

ಇನ್ನು ನೀನು ಕೇಳಿದ ಪ್ರಶ್ನೆ, ಮಾತು ಕಮ್ಮಿ ಇರೋನಿಗೆ ಸೇಲ್ಸ್ ಆಗುತ್ತಾ ಅಂತ.

ಈ ಅಂಕಣ ಓದೋರಿಗೆ ಗೊತ್ತು, ನಾನು ಗಲ್ಲಾಪೆಟ್ಟಿಗೆ ಹಿಂದೆ ಬೆಳೆದೋಳು. ನಮ್ಮಪ್ಪಂದು ಮಂಡಿಪೇಟೆ ಹಿಂದಿನ ಓಣೀಲಿ ಸಣ್ಣ ಕಿರಾಣಿ ಅಂಗಡಿ. ಸ್ಕೂಲ್ ಬಿಟ್ಮೇಲೆ ಅಕ್ಕಿ ಮೂಟೆ ಮೇಲೆ ಕೂತು ಹೋಂವರ್ಕ್ ಮಾಡ್ತಾ ನೂರಾರು ಸೇಲ್ಸ್‌ಮನ್‌ಗಳನ್ನ ನೋಡಿದೀನಿ. ಒಬ್ಬ ಇದ್ದ, ಸೋಪಿನೋನು, ಬಾಯಿ ಬಿಟ್ರೆ ನಿಲ್ಲಲ್ಲ, ಅವನ ಸ್ಕೂಟರ್ ಸದ್ದು ಕೇಳಿದ ತಕ್ಷಣ ನಮ್ಮಪ್ಪ "ನಾನಿಲ್ಲ ಅನ್ನು" ಅಂತ ಹಿಂದಿನ ಬಾಗಿಲಿಂದ ಮಂಡಕ್ಕಿ ತಿನ್ನೋಕೆ ಹೋಗ್ಬಿಡೋರು. ಇನ್ನೊಬ್ಬ ಚಹಾಪುಡಿಯೋನು. ಬಂದ್ರೆ ನಮಸ್ಕಾರ ಅನ್ನೋದು, ಚಪ್ಪಲಿ ಬಿಟ್ಟು ಒಳಗೆ ಬಂದು ಸೀದಾ ರ‍್ಯಾಕ್ ಮುಂದೆ ನಿಂತ್ಕೊಳ್ಳೋದು. ಕರ್ಚೀಫಲ್ಲಿ ತನ್ನ ಪ್ಯಾಕೆಟ್ ಧೂಳು ಒರೆಸಿ, ಹಳೇದನ್ನ ಮುಂದಕ್ಕೆ ಎಳೆದು, ಹೊಸದನ್ನ ಹಿಂದಕ್ಕೆ ತಳ್ಳಿ, ಇಲಿ ಕಚ್ಚಿದ್ದು ಒಂದೆರಡಿದ್ರೆ ಕೇಳೋಕೆ ಮುಂಚೆನೇ ತನ್ನ ಚೀಲಕ್ಕೆ ಹಾಕ್ಕೋತಿದ್ದ. ಆಮೇಲೆ "ಅಣ್ಣಾ, ನೂರು ಗ್ರಾಂದು ಇನ್ನೂ ಎಂಟು ಇದಾವೆ, ಈ ವಾರ ಬೇಡ, ಐದು ರೂಪಾಯಿ ಪ್ಯಾಕೆಟ್ ಒಂದೇ ಹಾಕ್ತೀನಿ" ಅನ್ನೋನು. ನಮ್ಮಪ್ಪ ತಲೆ ಎತ್ತದೆ "ಹೂಂ ಹಾಕು" ಅನ್ನೋರು. ಅಷ್ಟೇ ವ್ಯಾಪಾರ, ಮೂರು ನಿಮಿಷ. ಅವನು ಬೇಡ ಅಂದ ವಾರಗಳೇ ಅವನ ಬಂಡವಾಳ, ಅದಕ್ಕೇ ಅವನು "ಈ ಸಲ ಎರಡು ಬಾಕ್ಸ್ ಬೇಕಾಗುತ್ತೆ, ಜಾತ್ರೆ ಬರ್ತಿದೆ" ಅಂದ್ರೆ ಅಪ್ಪ ಎರಡನೇ ಮಾತಾಡ್ತಿರ್ಲಿಲ್ಲ. ಬೋಣಿ ಆಗೋ ಮುಂಚೆ ಅವನು ಯಾವತ್ತೂ ಕಲೆಕ್ಷನ್ ಕೇಳಿದ್ದಿಲ್ಲ, ಶುಕ್ರವಾರ ದುಡ್ಡಿನ ಮಾತೇ ಎತ್ತುತಿರ್ಲಿಲ್ಲ. ಇದನ್ನ ಯಾವ ಟ್ರೈನಿಂಗಲ್ಲೂ ಕಲಿಸಲ್ಲ, ಬೆಳಿಗ್ಗೆ ಒಂಬತ್ತೂವರೆಗೇ ಹೋಗಿ "ಸಾರ್ ಔಟ್‌ಸ್ಟ್ಯಾಂಡಿಂಗು" ಅಂತ ನಿಂತ್ಕೊಳ್ಳೋದನ್ನ ಕಲಿಸ್ತಾರೆ.

ನಾಳೆ ಬಾ ಅಂತಾರೆ ಅಂತ ಬೇಜಾರು ಮಾಡ್ಕೊಂಡಿದೀಯ. ನಮ್ಮ ಕಡೆ ದೆವ್ವಕ್ಕೆ ಬಾಗಿಲ ಮೇಲೆ ನಾಳೆ ಬಾ ಅಂತ ಬರೀತಿದ್ರು, ಈಗ ಸೇಲ್ಸ್‌ನೋರಿಗೆ ಬಾಯಲ್ಲೇ ಹೇಳ್ತಾರೆ, ಅಷ್ಟೇ ವ್ಯತ್ಯಾಸ. ಆದ್ರೆ ದೆವ್ವ ಮಾಡಿದ ತಪ್ಪು ನೀನು ಮಾಡ್ಬೇಡ, ಅದು ದಿನಾ ಓದಿ ಹೋಗ್ತಿತ್ತು, ಯಾಕೆ ಅಂತ ಕೇಳ್ಲೇ ಇಲ್ಲ. ಜುಲೈ ಆಗಸ್ಟಲ್ಲಿ ಜಗಳೂರಿನೋನು ನಾಳೆ ಬಾ ಅಂದ್ರೆ ಅವನ ಹತ್ರ ನಿಜವಾಗ್ಲೂ ದುಡ್ಡಿರಲ್ಲ. ಅದು ಮಳೆ ನಂಬಿದ ತಾಲ್ಲೂಕು, ಊರೋರೆಲ್ಲ ಬೀಜಕ್ಕೆ ಗೊಬ್ಬರಕ್ಕೆ ಸುರಿದು ಅಂಗಡೀಲಿ ಉದ್ರಿ ಬರೆಸಿರ್ತಾರೆ, ಮೆಕ್ಕೆಜೋಳ ಮುರಿದು ಮಾರಿದ ಮೇಲೇ ಅಲ್ಲಿ ನೋಟು ಓಡಾಡೋದು. ಹರಿಹರದ ಕಡೆ ಭದ್ರಾ ನಾಲೆ ಭತ್ತದೋರದ್ದು ಬೇರೆ ಲೆಕ್ಕ. ಎರಡೂ ಕಡೆ, ಹನ್ನೆರಡೂ ತಿಂಗಳು ಒಂದೇ ಟಾರ್ಗೆಟ್ ಹಾಕಿದ್ರೆ ಅದು ಕೂತಲ್ಲೇ ಹಾಕಿದ ಟಾರ್ಗೆಟ್ಟು, ಅದನ್ನ ಎಎಸ್ಎಂಗೆ ಹೇಳೋಕೆ ನಿಂಗೆ ಮಾತುಗಾರಿಕೆ ಬೇಡ, ಒಂದು ನೋಟ್‌ಬುಕ್ ಸಾಕು. ಯಾವ ಅಂಗಡಿ, ಯಾವ ವಾರ, ಎಷ್ಟು ಹೋಯ್ತು, ರ‍್ಯಾಕಲ್ಲಿ ಎಷ್ಟು ಉಳಿದಿತ್ತು. ದಿನಕ್ಕೆ 36 ಅಂಗಡಿ ತಿರುಗಿ 19 ಬಿಲ್ ಅಂತ ಬರ್ದಿದೀಯ, ಉಳಿದ 17 ಅಂಗಡೀಲಿ ಏನಾಯ್ತು ಅಂತ ಒಂದು ಸಾಲೂ ಇಲ್ಲ. ನಿನ್ನ 17 ಸಾವಿರದ ಶಾರ್ಟು ಇರೋದು ಆ 17 ಅಂಗಡೀಲಿ. ದಿನಕ್ಕೆ ಅದರಲ್ಲಿ ಎರಡು ಅಂಗಡೀಲಿ 400 ರೂಪಾಯಿದು ಬಿಲ್ ಆದ್ರೂ 25 ದಿನಕ್ಕೆ 20 ಸಾವಿರ.

ಎಫ್‌ಡಿಎ ಕೋಚಿಂಗ್ ಸೇರ್ಬೇಕು ಅನ್ಸಿದ್ರೆ ಸೇರು, ನಂದೇನೂ ಅಡ್ಡಿಯಿಲ್ಲ, ಆದ್ರೆ ಸಾಲ ಮಂಚದ ಕೆಳಗಿಟ್ಟು ಪುಸ್ತಕ ಹಿಡಿದ್ರೆ ಒಂದಕ್ಷರ ತಲೆಗೆ ಹತ್ತಲ್ಲ.

ಮಾಡ್ಬೇಕಾದ್ದು ಒಂದೇ ಕೆಲ್ಸ. ಈ 52 ಬಾಕ್ಸನ್ನ ಒಂದು ಲಗೇಜ್ ಆಟೋಕ್ಕೆ ಹಾಕ್ಕೊಂಡು ಆ ದೇವರಂಥೋರ ಗೋಡೌನಿಗೆ ಹೋಗಿ ಇಳಿಸು. ಹಾಕಿದ್ದ ಬಿಲ್ಲಿಗೆಲ್ಲ ಕ್ರೆಡಿಟ್ ನೋಟ್ (ಬಿಲ್ ವಾಪಸ್ ಚೀಟಿ) ಮಾಡಿ, ಮಾಲು ವಾಪಸ್ ತಗೊಂಡು ದುಡ್ಡು ಕೊಡಿ ಅನ್ನು. ಅದೇನೂ ಆಗದ ಕೆಲ್ಸ ಅಲ್ಲ, 2025-26ರ ಹಣಕಾಸು ವರ್ಷದ ಬಿಲ್ಲಿಗೆ ಜಿಎಸ್‌ಟೀಲಿ ಕ್ರೆಡಿಟ್ ನೋಟ್ ತೋರ್ಸೋಕೆ 2026ರ ನವೆಂಬರ್ 30ರ ತನಕ ಟೈಂ ಇದೆ. ಅಂಗಡಿಯೋರಿಗೆ ನೀನೇ ಹೋಗಿ ಹಿಂಗಿಂಗೆ ಮಾಡಿದ್ದೆ, ಸರಿ ಮಾಡಿಸ್ತಿದೀನಿ ಅಂತ ಹೇಳು, ಒಬ್ಬಿಬ್ರು ಬೈತಾರೆ, ಬೈಸ್ಕೋ. ಡಿಸ್ಟ್ರಿಬ್ಯೂಟರ್ ಪೂರ್ತಿ ದುಡ್ಡು ಕೊಡಲ್ಲ, ಹಳೇ ರೇಟಿಂದಕ್ಕೆ ಹಿಡ್ಕೋತಾರೆ. ಅರ್ಧ ಕೊಟ್ರೂ ತಗೊಂಡು ಬಡ್ಡಿಯೋನಿಗೆ ಕಟ್ಬಿಡು. ರಿಟರ್ನ್ ಬಿದ್ದಿದ್ದಕ್ಕೆ ಈ ತಿಂಗಳು ನಿನ್ನ ಅಚೀವ್‌ಮೆಂಟ್ ನೆಲ ಕಚ್ಚುತ್ತೆ, ಗ್ರೂಪಲ್ಲಿ ಕೆಂಪು ಅಕ್ಷರದಲ್ಲಿ ಹೆಸರು ಬರುತ್ತೆ. ಬರ್ಲಿ. ಬೇಸ್ ಇಳಿಯೋಕೆ ಬೇರೆ ದಾರಿ ಇಲ್ಲ.

ಹೇಳೋ ಮಾತು ಒಂದೇ ಸಾಲಿಂದು, ನಿನ್ನಂಥ ಮಾತು ಕಮ್ಮಿ ಹುಡುಗನಿಗೆ ಅದೇ ಅನುಕೂಲ: "ಅಣ್ಣಾ, ಇದು ನಂದಲ್ಲ, ನಿಮ್ಮ ಮಾಲು." ಆಮೇಲೆ ಸುಮ್ನೆ ನಿಂತ್ಕೋ. ಶುಕ್ರವಾರ ಹೋಗ್ಬೇಡ, ಲಕ್ಷ್ಮಿ ಹೊರಗೆ ಹಾಕಲ್ಲ ಅಂತ ನೆಪ ಸಿಗುತ್ತೆ ಅವರಿಗೆ. ಬುಧವಾರ ಹನ್ನೊಂದರ ಮೇಲೆ ಹೋಗು, ಬೋಣಿ ಆಗಿರುತ್ತೆ. ಮತ್ತೆ ಬಾಕ್ಸ್ ಎಳೆಯೋ ಮುಂಚೆ ಅಜ್ಜೀನ ಎಬ್ಬಿಸಿ ಹೊರಗೆ ಕೂರ್ಸು, ಧೂಳಿಗೆ ಕೆಮ್ಮು ಬರುತ್ತೆ ಅವರಿಗೆ.