ಫ್ರೀ ಟಿಕೆಟ್ಟಾ, ಟೀ ಶರ್ಟಾ?

ನಿಮ್ಮ ಫುಟ್‌ಬಾಲ್ ಕ್ಲಬ್‌ನ ವಾರದ ಮಧ್ಯದ ಮ್ಯಾಚ್‌ಗಳಿಗೆ ಸ್ಟ್ಯಾಂಡ್ ಖಾಲಿ ಹೊಡೀತಿದೆ, ಟಿಕೆಟ್ ಫ್ರೀ ಬಿಡೋದಾ ಇಲ್ಲ ಟೀ ಶರ್ಟ್ ಕೊಡೋದಾ ಅಂತ ಕೇಳಿದೀರಲ್ಲ, ನನ್ ಪ್ರಕಾರ ಎಲ್ರಿಗೂ ಫ್ರೀ ಬಿಡೋದು ಬೇಡವೇ ಬೇಡ. ಪುಕ್ಸಟ್ಟೆ ಟಿಕೆಟ್ ತಗೊಂಡವ್ರಲ್ಲಿ ಸುಮಾರು ಜನ ಮಳೆ ಬಂತು, ಬೇಜಾರಾಯ್ತು ಅಂತ ಬರೋದೇ ಇಲ್ಲ, ಮೇಲಿಂದ ದುಡ್ಡು ಕೊಟ್ಟು ಸೀಸನ್ ಪಾಸ್ ತಗೊಂಡವ್ರಿಗೆ ಉರಿಯುತ್ತೆ.

ಅದರ ಬದಲು ಮಕ್ಕಳಿಗೆ ಮಾತ್ರ ಫ್ರೀ ಮಾಡಿ, ಜೊತೆಗೆ ಬರೋ ಅಪ್ಪ ಅಮ್ಮ ಟಿಕೆಟ್ ತಗೊಳ್ಳೇಬೇಕು ತಾನೇ. ಇನ್ನೂ ಒಳ್ಳೇದು ಅಂದ್ರೆ ಯಾವುದಾದ್ರೂ ಸ್ಕೂಲ್ ಹುಡುಗ್ರನ್ನ ಹಾಫ್ ಟೈಮಲ್ಲಿ ಐದು ನಿಮಿಷ ಗ್ರೌಂಡಿಗಿಳಿಸಿ ಡ್ಯಾನ್ಸೋ ಪೆನಾಲ್ಟಿ ಕಿಕ್ಕೋ ಮಾಡ್ಸಿ, ಮನೆಮಂದಿಯೆಲ್ಲ ಮೊಬೈಲ್ ಹಿಡ್ಕೊಂಡು ಬಂದು ಕೂತಿರ್ತಾರೆ, ಆಟ ಗೊತ್ತಿಲ್ಲದ ಅಜ್ಜಿ ಸಮೇತ!

ಟೀ ಶರ್ಟ್ ಕೊಡೋದಾದ್ರೆ "ಮೊದಲು ಬಂದ 200 ಜನಕ್ಕೆ" ಅಂತ ಹಾಕಿ, ಬೇಗ ಬಂದವ್ರು ತಿಂಡಿ ಕಾಫಿಗೂ ಖರ್ಚು ಮಾಡ್ತಾರೆ. ಸ್ಪಾನ್ಸರ್ ಹೆಸ್ರು ಪ್ರಿಂಟ್ ಹಾಕ್ಸಿದ್ರೆ ಶರ್ಟ್ ಖರ್ಚು ಅವ್ರ ತಲೆಗೇ. ಆದ್ರೆ ವೀಕೆಂಡ್ ದೊಡ್ಡ ಮ್ಯಾಚ್‌ಗೆ ಇದನ್ನ ವೇಸ್ಟ್ ಮಾಡ್ಬೇಡಿ, ಅದಕ್ಕೆ ಜನ ಹೆಂಗೂ ಬರ್ತಾರೆ.

ಅಗ್ಗದ ಎಣ್ಣೆ ಐಡಿಯಾ ಯಾರಾದ್ರೂ ಕೊಟ್ರೆ ಕೈ ಮುಗಿದುಬಿಡಿ. 1974ರ ಜೂನ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ಟೀಮು 10 ಸೆಂಟ್‌ಗೆ ಬಿಯರ್ ಮಾರಿ 25 ಸಾವಿರ ಜನ ಸೇರ್ಸಿತ್ತು, ಕೊನೆಗೆ ಜನ ಗ್ರೌಂಡಿಗೆ ನುಗ್ಗಿ ಗಲಾಟೆಯಾಗಿ ಮ್ಯಾಚ್ ಎದುರು ಟೀಮಿಗೆ ಹೋಯ್ತು.

ಏನೇ ಮಾಡಿ, ಗೇಟಲ್ಲಿ ಒಪ್ಪಿಗೆ ಕೇಳಿ ಫೋನ್ ನಂಬರ್ ತಗೊಂಡು ಮುಂದಿನ ಮ್ಯಾಚ್‌ಗೆ ಮೆಸೇಜ್ ಹಾಕಿ, ಎಷ್ಟು ಜನ ವಾಪಸ್ ಬಂದ್ರು ಅನ್ನೋದೇ ಲೆಕ್ಕ.